ಒಂದೇ ಹೆಸರಿನ ಎರಡು ಕಮಾಂಡ್

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಲವು ವರ್ಷ ನಾನು ಹುಮನಾಬಾದಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಬಸವಕಲ್ಯಾಣದಲ್ಲಿ ನನಗೆ ಶಾಲೆಯಲ್ಲಿ ಕನ್ನಡ ಕಲಿಸಿದ್ದ ಅಕ್ಕೋರು ಆಗ ನಿವೃತ್ತರಾಗಿ ನಮ್ಮ ಕಡೆಯ ಮಾತುಗಳ ನಿಘಂಟು ಮಾಡುತ್ತಿದ್ದರು. ಉರ್ದು, ಮರಾಠಿ ಬೆರೆತ ಆ ಮಾತುಗಳನ್ನು ಅಕಾರಾದಿಯಾಗಿ ಜೋಡಿಸಲು ಅವರಿಗೊಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯ ಕಪ್ಪು ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಪದ’ ಎಂದು ಒತ್ತಿದರೆ ಅದು ತೆರೆದುಕೊಳ್ಳುತ್ತಿತ್ತು. ಆ ಕಮಾಂಡಿನ ಹೆಸರು ಅವರದೇ ಆಯ್ಕೆ.

ನಾವು ಬಳಸುತ್ತಿದ್ದ ಲಿನಕ್ಸನ್ನು ಬೇರೆ ಬೇರೆ ದೇಶಗಳ ಸ್ವಯಂಸೇವಕರು ಸೇರಿ ಹೊರತರುತ್ತಿದ್ದರು. ಸಾವಿರಾರು ಪ್ರೋಗ್ರಾಂಗಳ ಅವರ ಸಂಗ್ರಹಕ್ಕೆ ನಮ್ಮದೂ ಸೇರಿತು. ಮರುವರ್ಷ ಅವರಿಂದ ಒಂದು ಈಮೇಲ್ ಬಂತು. ಎಸ್ಟೋನಿಯಾದ ಒಬ್ಬ ಹೆಂಗಸು ಕಳಿಸಿದ ಅಡುಗೆಯ ಪ್ರೋಗ್ರಾಮಿಗೂ ಅದೇ ಹೆಸರಿನ ಕಮಾಂಡ್ ಇತ್ತು. ಎರಡನ್ನೂ ಒಂದೇ ಯಂತ್ರಕ್ಕೆ ಹಾಕಹೋದರೆ ಎರಡನೆಯದು ಒಳಗೆ ಬರುತ್ತಿರಲಿಲ್ಲ. ಇಬ್ಬರೂ ಮಾತಾಡಿಕೊಂಡು ಒಬ್ಬರು ಹೆಸರು ಬದಲಿಸಬೇಕು, ಒಪ್ಪಂದವಾಗದಿದ್ದರೆ ಇಬ್ಬರೂ ಬದಲಿಸಬೇಕು ಎಂಬುದು ಅಲ್ಲಿನ ನಿಯಮ.

ನಮ್ಮದೇ ಮೊದಲು ಬಂದದ್ದು ಎಂದು ನಾನು ಬರೆದೆ. ತನ್ನದನ್ನು ಬಳಸುವವರು ಹೆಚ್ಚು ಎಂದು ಆಕೆ ಬರೆದಳು. ಹೀಗೆ ಕೆಲವು ವಾರ ನಡೆಯಿತು. ಒಂದು ಭಾನುವಾರ ಬಸವಕಲ್ಯಾಣಕ್ಕೆ ಹೊರಟೆ. ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಕೊಂಡ ಬಸ್ಸು ತಲುಪುವಾಗ ಮಧ್ಯಾಹ್ನವಾಗಿತ್ತು. ಅಕ್ಕೋರು ಕಂಪ್ಯೂಟರಿನ ಮುಂದೆಯೇ ಇದ್ದರು.

“ಹೆಸರು ಬದಲ್ ಮಾಡ್ರಿ ಅಂತಾರ್ರಿ, ಅಕ್ಕೋರೆ. ಎಸ್ಟೋನಿಯಾದ ಒಬ್ಬಾಕಿ ಪ್ರೋಗ್ರಾಮಿಗೂ ಇದೇ ಹೆಸರದ. ಆಕೀ ಭಾಷಾದಾಗ ಪದ ಅಂದ್ರ ಅಡಗಿ ಮಾಡೋ ಗಡಿಗಿ ಅಂತ.”

“ಗಡಿಗ್ಯಾ?” ಅವರ ಕೈ ನಿಂತಿತು. “ನೀ ಏನಂತ ಬರದಿ?”

“ನಮ್ದೇ ಮೊದಲು ಅಂತ ಬರದೀನ್ರಿ.”

“ನಿಘಂಟಿನ್ಯಾಗ ಒಂದ್ ಮಾತಿಗಿ ಎರಡು ಅರ್ಥ ಇದ್ರ ಒಂದು, ಎರಡು ಅಂತ ಅಂಕಿ ಹಾಕ್ತೀನಿ. ಯಾವ್ದೂ ತಗಿಯಂಗಿಲ್ಲ. ಇದಕ್ಕೂ ಹಂಗ ಮಾಡ್ಲಿಕ್ಕಿ ಬರಂಗಿಲ್ಲೇನು?”

“ಇಲ್ರಿ. ಒಂದ್ ಹೆಸರಿಗಿ ಒಂದೇ ಪ್ರೋಗ್ರಾಂ.”

ಅಕ್ಕೋರು ಪರದೆಯ ಮೇಲೆ ‘ಪದ’ ಎಂದು ಇನ್ನೊಮ್ಮೆ ಒತ್ತಿದರು. ಆ ಹೆಸರು ಅವರಿಗೆ ಇಷ್ಟವಾಗಿತ್ತೆಂದು ನನಗೆ ಗೊತ್ತಿತ್ತು.

“ಇಬ್ರೂ ಬಿಡೋಣು ಅಂದ್ರ ಆಕಿ ಬಿಡ್ತಾಳೇನು?”

“ಕೇಳಿ ನೋಡ್ತೀನ್ರಿ.”

“ಕೇಳು. ನಾವು ಬಿಡಾಕತ್ತೇವಿ ಅಂತ ಮೊದಲ ಹೇಳು, ಆಮ್ಯಾಲ ಕೇಳು.”

ಹಾಗೆಯೇ ಬರೆದೆ. ಎರಡು ಸಾಲಿನ ಉತ್ತರ ಬಂತು: ಆಕೆಗೂ ಒಪ್ಪಿಗೆ, ಜೊತೆಗೆ ನಿಮ್ಮ ಭಾಷೆಯಲ್ಲಿ ಆ ಮಾತಿಗೆ ಏನರ್ಥ ಎಂಬ ಪ್ರಶ್ನೆ. ಅಕ್ಕೋರು ಅದಕ್ಕೆ ಉದ್ದವಾದ ಉತ್ತರ ಹೇಳಿ ಬರೆಸಿದರು. ಶಬ್ದ, ಹಾಡು, ಹೆಜ್ಜೆ, ಎಲ್ಲ ಅರ್ಥಗಳೂ ಅದರಲ್ಲಿದ್ದವು.

ನಮ್ಮದು ‘ಪದಕೋಶ’ವಾಯಿತು. ಆಕೆಯದಕ್ಕೂ ಉದ್ದದ ಹೆಸರೊಂದು ಬಂತು. ಅಕ್ಕೋರ ಬೆರಳು ಮಾತ್ರ ಬಹಳ ದಿನ ಹಳೆಯದನ್ನೇ ಒತ್ತುತ್ತಿತ್ತು, ಅಂಥ ಕಮಾಂಡ್ ಇಲ್ಲವೆಂದು ಪರದೆ ಹೇಳುತ್ತಿತ್ತು. ಅವರ ಯಂತ್ರದಲ್ಲಷ್ಟೇ ಹಳೆಯ ಹೆಸರೂ ನಡೆಯುವಂತೆ ಮಾಡಿಕೊಡುತ್ತೇನೆ ಎಂದೆ.

“ಬ್ಯಾಡ ತಮ್ಮಾ,” ಎಂದರು. “ಅಲ್ಲಿ ಆಕೀನೂ ಹೊಸಾ ಹೆಸರ ರೂಢಿ ಮಾಡ್ಕೊಳಾಕತ್ತಾಳ.”