ಲಿಫ್ಟಿಗೆ ಹಿಡಿಸದ ದೇವಣಿ

ಗೆಳೆಯರೇ, ಪಶುವೈದ್ಯನಾಗಿ ಮೂವತ್ತು ವರ್ಷ 'ದೇಸಿ ಗೋತಳಿ ಉಳಿಸಿ' ಎಂದು ಭಾಷಣ ಮಾಡಿದ ನನಗೆ ಇಂದು ಹೈದರಾಬಾದಿನ ಗಚ್ಚಿಬೌಲಿಯ ಲಿಫ್ಟಿನ ಮುಂದೆ ಮಂಗಳಾರತಿಯಾಯಿತು.

ಸಾಫ್ಟ್‌ವೇರ್ ಅಳಿಯ ಹನ್ನೊಂದನೇ ಮಹಡಿಯಲ್ಲಿ ಫ್ಲ್ಯಾಟ್ ಕೊಂಡಿದ್ದಾನೆ. ಗೃಹಪ್ರವೇಶಕ್ಕೆ ನಮ್ಮ ಬೀದರಿನ ದೇವಣಿ ಹಸುವೇ ಬರಬೇಕೆಂದು ಹಟ ಹಿಡಿದವನು ನಾನು. ಹಸು ಬಂತು. ತಲೆ, ಕೊಂಬು ಲಿಫ್ಟಿನೊಳಗೆ ಹೋದವು. ಉಳಿದ ಹಸುವೆಲ್ಲ ಹೊರಗೇ ನಿಂತಿತು. ಮುಹೂರ್ತಕ್ಕೆ ಹದಿನೈದೇ ನಿಮಿಷವಿತ್ತು.

"ಮಾವಾರ, ಅಳತಿ ನೋಡಿ ತರಬೇಕಿತ್ತಲ್ರಿ," ಎಂದ ಅಳಿಯ.

ಅಷ್ಟರಲ್ಲಿ ಐದನೇ ಮಹಡಿಯ ಗೃಹಪ್ರವೇಶ ಮುಗಿಸಿಕೊಂಡು, ಸೊಂಟದೆತ್ತರದ ಪುಂಗನೂರು ಹಸುವೊಂದು ಪಕ್ಕದ ಲಿಫ್ಟಿನಿಂದ ಇಳಿದು ಬಂತು. ಅದನ್ನೇ ಬೇಡಿಕೊಂಡು ಮೇಲೆ ಕರೆದೊಯ್ದೆವು.

ಈ ಗಿಡ್ಡ ತಳಿ ಅಳಿದುಹೋಗುತ್ತದೆ, ಸಾಕಿ ಎಂದು ಒಂದು ಕಾಲಕ್ಕೆ ಊರೂರು ಅಲೆದು ಕೈಮುಗಿದಿದ್ದೆ. ಯಾರೂ ಕೇಳಿರಲಿಲ್ಲ. ಈ ಹಸುವಿನ ಮಾಲೀಕ, ಬಸವಕಲ್ಯಾಣದವನು, ಈಗ ಆರು ಸಾಕಿದ್ದಾನಂತೆ.

"ಭಾಳ ಬೇಡಿಕಿ ಅದರಿ ಡಾಕ್ಟರ್ ಸಾಹೇಬ್ರ," ಎಂದ. "ಲಿಫ್ಟಿನ್ಯಾಗ ಹಿಡಿಸ್ತದ ನೋಡ್ರಿ."

ದೇವಣಿ ಉಳಿಯಬೇಕಾದರೆ ಇನ್ನು ಮೇಲೆ ನನ್ನ ಭಾಷಣ ರೈತರಿಗಲ್ಲ, ಲಿಫ್ಟ್ ಮಾಡುವವರಿಗೆ.