ಗೌರಿಬಿದನೂರಿನಲ್ಲಿ ನಮ್ಮ ಸರ್ಕಾರ ಬಿದ್ದ ದಿನ

ಚಿಂತಾಮಣಿಯಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆವು. ತೊಂಬತ್ತರ ದಶಕ. ದೆಹಲಿಯಲ್ಲಿ ಸರ್ಕಾರಗಳು ಒಂದರ ಹಿಂದೊಂದು ಬೀಳುತ್ತಿದ್ದ ಕಾಲ. ನಮ್ಮದು ಆಗಿನ್ನೂ ಕೋಲಾರ ಜಿಲ್ಲೆ. ಗೌರಿಬಿದನೂರಿನಲ್ಲಿ ಕಾಲೇಜುಗಳ ಅಣಕು ಲೋಕಸಭೆ ಸ್ಪರ್ಧೆಯಿತ್ತು. ಪ್ರತಿ ಕಾಲೇಜೂ ತನ್ನದೇ ಆಡಳಿತ ಪಕ್ಷ, ವಿರೋಧ ಪಕ್ಷ ಕಟ್ಟಿಕೊಂಡು ಒಂದು ಕಲಾಪ ನಡೆಸಿ ತೋರಿಸಬೇಕು. ನಮ್ಮ ಕಾಲೇಜಿಗೆ ಅದರ ಫಲಕ ಒಮ್ಮೆಯೂ ಬಂದಿರಲಿಲ್ಲ. ಈ ಸಲ ತಂದೇ ತರಬೇಕೆಂದು ರಾಜ್ಯಶಾಸ್ತ್ರದ ಶಾರದಮ್ಮ ಮೇಡಂ ಪಣ ತೊಟ್ಟಿದ್ದರು. ನಾನು ವಿರೋಧ ಪಕ್ಷದ ನಾಯಕಿ.

ಶಿಡ್ಲಘಟ್ಟದಲ್ಲಿ ಮಂಜಿನ ನಡುವೆ ನಮ್ಮ ಪ್ರಧಾನಿ ಬಸ್ಸು ಹತ್ತಿದಳು. ನಸೀಮಾ. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಅವಿಶ್ವಾಸ ಗೊತ್ತುವಳಿಯನ್ನು ಸೋಲಿಸಿದ ಮೇಲೆ ಮಾಡಬೇಕಾದ ಗೆಲುವಿನ ಭಾಷಣವನ್ನು ಅವಳು ವಾರಗಟ್ಟಲೆ ಬಾಯಿಪಾಠ ಮಾಡಿದ್ದಳು. ಅವಳ ಹಿಂದೆಯೇ ರೇಷ್ಮೆಗೂಡಿನ ಚೀಲಗಳೂ ಹತ್ತಿದವು. ಕಾಲಿಡಲು ಜಾಗವಿಲ್ಲದೆ ಚೀಲಕ್ಕೊರಗಿ ನಿಂತು ಭಾಷಣ ಒಪ್ಪಿಸತೊಡಗಿದಳು.

ಪಕ್ಕದಲ್ಲಿದ್ದ ಮುದುಕರೊಬ್ಬರು ಕುತೂಹಲದಿಂದ ಕೇಳಿಸಿಕೊಂಡರು. ಮಹಾರಾಜರ ಕಾಲದಲ್ಲಿ ದಿವಾನರ ಕಾರು ಹೋಗುವಾಗ ಊರೇ ರಸ್ತೆಗೆ ಬಂದು ನಿಲ್ಲುತ್ತಿತ್ತಂತೆ. "ದಿವಾನರು ಮಹಾರಾಜರಿಗೆ ಜವಾಬು ಹೇಳ್ಬೇಕಿತ್ತು. ನಿಮ್ಮ ಪ್ರಧಾನಿ ಯಾರಿಗೆ ಹೇಳ್ತಾರಮ್ಮ?" ಎಂದರು.

"ಲೋಕಸಭೆಗೆ, ತಾತ," ಎಂದಳು ನಸೀಮಾ.

ಅಲ್ಲಿಂದ ಚಿಕ್ಕಬಳ್ಳಾಪುರದವರೆಗೂ ಮೇಡಂ ಬಸ್ಸನ್ನೇ ತರಗತಿ ಮಾಡಿದರು. ಪ್ರಧಾನಿಯ ಹುದ್ದೆ ಇಂಗ್ಲೆಂಡಿನಲ್ಲಿ ಯಾರೂ ಕಾನೂನು ಬರೆದು ಮಾಡಿದ್ದಲ್ಲ, ರೂಢಿಯಿಂದ ಬೆಳೆದದ್ದು. ನಮ್ಮ ಸಂವಿಧಾನದಲ್ಲೂ ಅದರ ಬಗ್ಗೆ ಇರುವುದು ನಾಲ್ಕೇ ಮಾತು. ಜನ ನೇರವಾಗಿ ಪ್ರಧಾನಿಯನ್ನು ಆರಿಸುವುದಿಲ್ಲ, ಸಭೆಯ ಬಹುಮತ ಇರುವತನಕ ಕುರ್ಚಿ. ಮುದುಕರು ತಲೆದೂಗುತ್ತಾ ಇಳಿದು ಹೋದರು.

ಚಿಕ್ಕಬಳ್ಳಾಪುರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆವು. ಮಂಚೇನಹಳ್ಳಿಯ ದಾರಿಯ ತಿರುವುಗಳಲ್ಲಿ ನಮ್ಮ ಮಂಜುಳಾಗೆ ವಾಂತಿ ಶುರುವಾಯಿತು. ಗೌರಿಬಿದನೂರು ತಲುಪುವಷ್ಟರಲ್ಲಿ ನಿಲ್ಲಲೂ ತ್ರಾಣವಿರಲಿಲ್ಲ. ಅವಳನ್ನು ಒಂದು ಕೋಣೆಯಲ್ಲಿ ಮಲಗಿಸಿ, ಜೊತೆಗೆ ಅವಳ ಗೆಳತಿಯನ್ನು ಬಿಟ್ಟೆವು. ಇಬ್ಬರೂ ಆಡಳಿತ ಪಕ್ಷದವರು. ಎಣಿಸಿ ನೋಡಿದರೆ ನಮ್ಮ ವಿರೋಧ ಪಕ್ಷವೇ ಒಂದು ಮತದಿಂದ ಮುಂದಿತ್ತು.

ಮೇಡಂ ನನ್ನ ಪಕ್ಷದ ಇಬ್ಬರನ್ನು ಕರೆದು ಮೆಲ್ಲಗೆ, "ನೀವು ಆ ಕಡೆ ಹೋಗಿ ಕೂತ್ಕೊಳ್ರಮ್ಮ," ಎಂದರು.

"ಬೇಡ ಮೇಡಂ," ಎಂದಳು ನಸೀಮಾ. "ಅದು ಪಕ್ಷಾಂತರ ಆಗುತ್ತೆ."

ಮೇಡಂ ಅವಳನ್ನೇ ನೋಡಿದರು. ಬೈಯುತ್ತಾರೆಂದುಕೊಂಡೆ. ಆ ಇಬ್ಬರನ್ನೂ ಅವರ ಜಾಗಕ್ಕೇ ಕಳಿಸಿ, ಹೋಗಿ ಸಭಿಕರ ನಡುವೆ ಕುಳಿತರು.

ಚರ್ಚೆ ಚೆನ್ನಾಗಿಯೇ ನಡೆಯಿತು. ಮತಕ್ಕೆ ಹಾಕಿದಾಗ ಸರ್ಕಾರ ಬಿತ್ತು. ನಸೀಮಾ ಎದ್ದು ನಿಂತಳು. "ಮಾನ್ಯ ಸಭಾಧ್ಯಕ್ಷರೇ, ಈ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದು ಈ ಸಭೆ. ಸಭೆ ಬೇಡ ಎಂದ ಮೇಲೆ ನಾನು ಇಲ್ಲಿ ಕೂರುವುದು ತಪ್ಪು. ರಾಷ್ಟ್ರಪತಿಗಳಿಗೆ ರಾಜೀನಾಮೆ ಕೊಡಲು ಹೊರಡುತ್ತಿದ್ದೇನೆ." ಆಮೇಲೆ ನೇರ ನನ್ನ ಬಳಿ ಬಂದು ಕೈ ಕುಲುಕಿದಳು. ಗೆದ್ದವಳು ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಗೆಲುವಿನ ಭಾಷಣವಿಲ್ಲದ್ದರಿಂದ ನಮ್ಮ ಕಲಾಪ ಕೊಟ್ಟ ಸಮಯಕ್ಕಿಂತ ಬೇಗ ಮುಗಿದು, ತೀರ್ಪುಗಾರರು ಅಂಕ ಕಳೆದರು. ಫಲಕ ಬೇರೆ ಊರಿಗೆ ಹೋಯಿತು. ವಾಪಸು ಬರುವಾಗ ಚಿಕ್ಕಬಳ್ಳಾಪುರದ ನಿಲ್ದಾಣದಲ್ಲಿ ಮೇಡಂ ನಮಗೆಲ್ಲ ದ್ರಾಕ್ಷಿ ಕೊಡಿಸಿ, ದೊಡ್ಡ ಗೊಂಚಲನ್ನು ನಸೀಮಾಳ ಮಡಿಲಿಗೆ ಹಾಕಿದರು. "ಇಷ್ಟು ವರ್ಷ ಪಾಠ ಮಾಡ್ದೆ ಕಣೇ, ಇವತ್ತು ನೋಡ್ದೆ," ಎಂದರು.

ಶಿಡ್ಲಘಟ್ಟ ತಲುಪಿದಾಗ ಸಂಜೆ. ನಸೀಮಾಳ ತಂದೆ ಕಿಟಕಿಯ ಹತ್ತಿರ ಬಂದು, ಗೆದ್ದಿರಾ ಎಂದು ಮೇಡಂ ಅವರನ್ನು ಕೇಳಿದರು. ಮೇಡಂ ಬಾಯಿ ತೆರೆಯುವ ಮೊದಲೇ ಇಳಿಯುತ್ತಿದ್ದ ಮಗಳು, "ಇಲ್ಲ ಅಬ್ಬಾ. ಸರ್ಕಾರ ಬಿದ್ದೋಯ್ತು, ರಾಜೀನಾಮೆ ಕೊಟ್ಬಂದೆ," ಎಂದಳು.

"ಅವರಾಗಿ ಹೊರಗೆ ಕಳಿಸೋ ಮುಂಚೆ ನೀನೇ ಎದ್ದು ಬಂದ್ಬಿಟ್ಯಾ? ಒಳ್ಳೇದಾಯ್ತು, ನಡಿ," ಎಂದು ತಂದೆ ಅವಳ ಕೈಚೀಲ ತಾವೇ ತೆಗೆದುಕೊಂಡರು.

ಬಸ್ಸು ಚಿಂತಾಮಣಿ ಕಡೆ ತಿರುಗಿತು. ನಾನು ಹಿಂದಿನ ಕಿಟಕಿಯಿಂದ ನೋಡಿದೆ. ತಂದೆ ಏನೋ ಕೇಳುತ್ತಿದ್ದರು. ಅವಳು ಸಭೆಯಲ್ಲಿ ನಿಂತ ಹಾಗೆಯೇ ನೆಟ್ಟಗೆ ನಿಂತು, ರಸ್ತೆಯ ಮಧ್ಯೆ, ಕೈಯೆತ್ತಿ ಅವರಿಗೆ ಅದೇ ಭಾಷಣ ಹೇಳುತ್ತಿದ್ದಳು.