ಎರಡನೇ ಕಟ್ಟಡ

ಅಕ್ಕ ಹಾಲಿನ ಬೋಗಾಣಿ ಗ್ಯಾಸಿನ ಮ್ಯಾಲ ಇಟ್ಟು, ಮನಿಗೆ ಕೀಲಿ ಹಾಕಿ, ಕಾಯಿಪಲ್ಯ ತರಾಕ ಹೋದ ದಿನದಿಂದ ಹೆದರಿಕಿ ನನ್ನ ಬಿಟ್ಟಿಲ್ಲ. ಸಿಂಧನೂರಾಗ ನಾವು ಇರೋದು ಇಬ್ಬರ. ಅಕ್ಕ ಗಂಡ ಸತ್ತ ಮ್ಯಾಲ ನನ್ನ ಹತ್ರ ಬಂದಾಕಿ. ನಾನು ಮದಿವಿ ಮಾಡಿಕೊಳ್ಳದ, ಸಾಲಿ ಕಲಿಸ್ಕೋಂತ ರಿಟೈರ್ ಆದಾಕಿ. ಅವತ್ತು ನಾನೂ ಮನ್ಯಾಗ ಇದ್ದಿದ್ದಿಲ್ಲ, ಬಾಜೂ ಮನಿಯಾಕಿ ಹೊಗಿ ನೋಡಿ ಒದರಿಲ್ಲಂದ್ರ ಏನಾಗ್ತಿತ್ತೋ! ಕರ್ರಗಾದ ಬೋಗಾಣಿ ನೋಡಿ ಅಕ್ಕ, "ಯಾರಬೇ ಇದನ್ನ ಇಟ್ಟಾರ? ಕಣ್ಣು ಕಾಣಂಗಿಲ್ಲೇನು?" ಅಂತ ನನಗ ಬೈದ್ಲು. ಬ್ಯಾರೆ ದಿನ ಆಗಿದ್ರ ನಕ್ಕಿರ್ತಿದ್ದೆ.

ಮಸ್ಕಿ ದಾಟಿ ಲಿಂಗಸುಗೂರು ದಾರಿಯಾಗ ವಯಸ್ಸಾದವರಿಗಂತ ಹೊಸಾ ವಸತಿ ಕಟ್ಟ್ಯಾರ, ನೋಡಿ ಬರ್ರಿ ಅಂತ ಹೇಳಿದಾಕೀನೂ ಬಾಜೂ ಮನಿಯಾಕೀನ. ಆಕಿ ಅತ್ತಿ ಅಲ್ಲೇ ಇದ್ದಾಳ. ಅಲ್ಲಿ ಮೂರು ಥರ ಐತಂತ. ತಮ್ಮ ಕೆಲಸ ತಾವ ಮಾಡಿಕೊಳ್ಳೋರಿಗೆ ಅಡಗಿಮನಿ ಸಮೇತ ಸಣ್ಣ ಸಣ್ಣ ಮನಿ. ಜಳಕಕ್ಕ, ಗುಳಿಗಿಗೆ ಇನ್ನೊಬ್ಬರ ಕೈ ಬೇಕಾದವರಿಗೆ ಎರಡನೇ ಕಟ್ಟಡ. ಹಾಸಿಗಿ ಹಿಡದವರಿಗೆ ಮೂರನೇದು. ಒಮ್ಮೆ ಸೇರಿದ್ರ ಮತ್ತೆಲ್ಲೂ ಹೋಗೋದು ಬ್ಯಾಡ. ಮೈ ಹೆಂಗ ಹೆಂಗ ಸೋಲ್ತದೋ ಹಂಗ ಹಂಗ ಕಟ್ಟಡ ಬದಲಿ. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ? ಕಡೀಕ ಎಲ್ಲಾರೂ ಮೂರನೇದಕ್ಕ ಬರೋರ" ಅಂತ ಆಕಿ ನಕ್ಕಳು.

ಆದ್ರ ನನ್ನ ನಿದ್ದಿ ಕೆಡಿಸಿದ್ದು ಬ್ಯಾರೆ ಮಾತು. ನೋಡಾಕ ಹೋದ ದಿನಾನ ನರ್ಸು ಕುಂದ್ರಿಸಿಕೊಂಡು ಪ್ರಶ್ನಿ ಕೇಳ್ತಾಳ, ಅದರ ಮ್ಯಾಲ ಯಾರಿಗೆ ಯಾವ ಕಟ್ಟಡ ಅನ್ನೋದು ಠರಾವ್ ಆಗ್ತೈತಿ. ಎರಡನೇದರಾಗ ಹಾಸಿಗಿ ಕಮ್ಮಿ, ಗಟ್ಟಿ ಇದ್ದವರನ್ನ ಅಲ್ಲಿಗೆ ಬಿಡಂಗಿಲ್ಲ. ಅಕ್ಕ ಎರಡನೇದಕ್ಕ, ನಾ ಸಣ್ಣ ಮನಿಗೆ ಅಂತಾದ್ರ? ನಮ್ಮವ್ವ ಸತ್ತಾಗ ನಾನು ಸಣ್ಣಾಕಿ, ಅಕ್ಕನ ಸೆರಗು ಹಿಡಕೊಂಡು ಬೆಳದಾಕಿ. ಆಕಿ ಗಂಡನ ಮನ್ಯಾಗ ಇದ್ದ ಅಷ್ಟು ವರ್ಷ ಹೆಂಗ ಕಳದೆನೋ ನನಗ ಗೊತ್ತು. ಮತ್ತೊಮ್ಮೆ ಆಗಲ್ಲ ಅಂದ್ರ ಆಗಲ್ಲ.

ಅದಕ್ಕ ನಾನು ಸಾಲ್ಯಾಗ ಮಾಡ್ತಿದ್ದ ಕೆಲಸಾನ ಮಾಡಿದೆ. ಇನ್‌ಸ್ಪೆಕ್ಟರ್ ಬರೋ ಹಿಂದಿನ ವಾರ ನಾವು ಹುಡುಗರಿಗೆ ಬಾಯಿಪಾಠ ಮಾಡಸ್ತಿದ್ವಿ: ಉತ್ತರ ಗೊತ್ತಿದ್ದವರು ಬಲಗೈ ಎತ್ರಿ, ಗೊತ್ತಿಲ್ಲದವರು ಎಡಗೈ, ಕೈ ಮಾತ್ರ ಎಲ್ಲಾರೂ ಎತ್ತಬೇಕು. ಒಮ್ಮೆನೂ ಸಿಕ್ಕಿ ಬಿದ್ದಿದ್ದಿಲ್ಲ. ಬಾಜೂ ಮನಿಯಾಕಿ ಹತ್ರ ಪ್ರಶ್ನಿ ಕೇಳಿ ಬರಕೊಂಡು, ಅಕ್ಕನ್ನ ಎದುರು ಕುಂದ್ರಿಸಿಕೊಂಡು ಎಂಟು ದಿನ ಕಲಿಸಿದೆ. ಮೊದ್ಲು ವಾರ, ಆಮ್ಯಾಲ ತಿಂಗಳು, ಆಮ್ಯಾಲ ಈಗ ಎಲ್ಲಿದ್ದೀವಿ, ಕಡೀಕ ನೂರರಾಗ ಏಳು ಕಳದ್ರ ಎಷ್ಟು. ಎಂಟನೇ ದಿನ ಅಕ್ಕ ತಡವರಿಸದ ಪಟಪಟಾ ಅಂದ್ಲು.

ಮಂಗಳವಾರ ಮುಂಜಾನಿ ಫ್ರೀ ಬಸ್ಸಿನ್ಯಾಗ ಹೊಂಟ್ವಿ. ಅಕ್ಕ ಕಿಟಕಿ ಹಿಡಕೊಂಡು ಕುಂತು, ಕಾಲುವಿಗೆ ನೀರು ಯಾವಾಗ ಬಿಡ್ತಾರಂತ ಎದುರಿನ ಗೊರೇಬಾಳದ ಹೆಣ್ಮಗಳನ್ನ ಮಾತಿಗೆ ಎಳದ್ಲು. ನನಗ ಅದೂ ಬ್ಯಾಡಾಗಿತ್ತು. ಮಾತಾಡಿದ್ರ ಕಲಿತಿದ್ದು ಮರತುಬಿಡ್ತಾಳಂತ ನನ್ನ ಚಿಂತಿ. ಮಸ್ಕಿ ಗುಡ್ಡ ಕಾಣೋ ಹೊತ್ತಿಗೆ ಕಿವ್ಯಾಗ ಮತ್ತೊಮ್ಮೆ ಹೇಳಿಕೊಟ್ಟೆ.

ಜಾಗ ಚೊಲೋ ಇತ್ತು, ಸುಳ್ಳು ಯಾಕ ಹೇಳಲಿ. ಬೇವಿನ ಗಿಡ, ಕಟ್ಟಿ, ತಂಪು ನೀರು. ಎರಡನೇ ಕಟ್ಟಡದ ಮುಂದ ಹಾಯ್ವಾಗ ಒಳಗ ಒಬ್ಬಾಕಿ ಮುದುಕಿಗೆ ಇನ್ನೊಬ್ಬಾಕಿ ಚಮಚದ್ಲೆ ಗಂಜಿ ಉಣಸಾಕತ್ತಿದ್ಲು. ಮುದುಕಿ ಬಾಯಿ ತೆರದು ಬಾಗಲ ಕಡೆ, ನನ್ನ ಕಡೆನ ನೋಡಿದ್ಲು. ನಾ ಅಕ್ಕನ ಕೈ ಗಟ್ಟಿ ಹಿಡಕೊಂಡೆ. "ಬಳಿ ಒಡೀತಾವ ಬಿಡಬೇ" ಅಂದ್ಲು ಅಕ್ಕ.

ನರ್ಸು ಮುದಗಲ್ ಕಡೆ ಹುಡುಗಿ, ನಗುಮುಖದಾಕಿ. ಅಕ್ಕನ್ನ ಕುಂದ್ರಿಸಿ, "ಅಮ್ಮಾರ, ಇದು ಯಾವ ತಿಂಗಳ್ರಿ?" ಅಂದ್ಲು.

ಮೊದ್ಲು ವಾರ ಕೇಳಬೇಕಾಗಿತ್ತಲ್ಲ!

ಅಕ್ಕ ಕೈ ಕಟ್ಟಿಕೊಂಡು ಗಟ್ಟಿಯಾಗಿ, "ಮಂಗಳವಾರ!" ಅಂದ್ಲು.

"ಈಗ ನಾವೆಲ್ಲಿ ಇದ್ದೀವ್ರಿ?"

"ಜುಲೈ!"

"ನೂರರಾಗ ಏಳು ಕಳದ್ರ?"

"ಮಸ್ಕಿ ದಾಟಿ ಲಿಂಗಸುಗೂರು ದಾರಿ!" ಅಂದು, ಅಕ್ಕ ನನ್ನ ಕಡೆ ತಿರುಗಿ ಶಾಬಾಸ್‌ಗಿರಿಗೆ ಕಾಯ್ಕೋಂತ ನಕ್ಕಳು. ಮತ್ತ ನರ್ಸಿಗೆ, "ನಮ್ಮ ತಂಗಿ ಎಂಟು ದಿನ ಕಲಿಸ್ಯಾಳ್ರಿ, ಆಕಿ ಟೀಚರ್" ಅಂತ ಅದನ್ನೂ ಹೇಳಿಬಿಟ್ಲು.

ನರ್ಸು ನನಗ ಬೈಲಿಲ್ಲ. "ಹಂಗ ಬಿಟ್ಟಿದ್ರ ಒಂದೆರಡು ಹೇಳ್ತಿದ್ರೋ ಏನೋ ಟೀಚರ್" ಅಂದು ಹಾಳಿ ಮ್ಯಾಲ ಎರಡು ಅಂತ ಬರದ್ಲು. ನನ್ನ ಕೈಯಾರೆ ನಾನ ಅಕ್ಕನ್ನ ಆ ಕಟ್ಟಡಕ್ಕ ನೂಕಿದ್ದೆ.

ಮುಂದಿಂದು ನನ್ನ ಪಾಳಿ. ಆಗ ಒಂದು ವಿಚಾರ ಹೊಳೀತು. ನಾನೂ ತಪ್ಪು ಹೇಳಿದ್ರ ಇಬ್ಬರೂ ಒಂದ ಕಡೆ! ವಾರ ಕೇಳಿದಾಗ ಶುಕ್ರವಾರ ಅಂದೆ. ತಿಂಗಳು ಕೇಳಿದಾಗ ಜನವರಿ ಅಂದೆ. ನೂರರಾಗ ಏಳು ಕಳದ್ರ ನೂರಾ ಏಳು ಅಂದೆ. ನರ್ಸು ಪೆನ್ನು ಕೆಳಗಿಟ್ಟು ಕಿಸಕ್ಕನ ನಕ್ಕಳು. "ಟೀಚರ್, ಎಂಟು ದಿನ ಕಲಿಸಿದಾಕಿ ನೀವು. ಬೇಕಂತ ಹೇಳಾಕತ್ತೀರಂತ ನನಗ ಗೊತ್ತಾಗಲ್ಲೇನ್ರಿ? ಹೋಗ್ಲಿ ಬಿಡ್ರಿ, ಇದೊಂದು ಮಾಡ್ರಿ. ಗಡಿಯಾರ ಬರದು ಹನ್ನೊಂದು ಗಂಟಿ ಹತ್ತು ನಿಮಿಷ ತೋರಸ್ರಿ."

ಗಡಿಯಾರ! ಮೂರನೇ ಇಯತ್ತೆಗೆ ರಟ್ಟಿನ ಗಡಿಯಾರ ಮಾಡಿಕೊಂಡು ಹೋಗಿ ಕಲಿಸಿದಾಕಿ ನಾನು. ತಪ್ಪು ಹೇಳಿದವರ ಕಿವಿ ಹಿಂಡಿದಾಕಿ. ಬಾಯಿಲೆ ಏನು ಬೇಕಾದ್ರೂ ಸುಳ್ಳು ಹೇಳಬಹುದು, ಗಡಿಯಾರ ಮಾತ್ರ ತಪ್ಪು ಬರಿಯಾಕ ನನ್ನ ಕೈ ಒಪ್ಪಲಿಲ್ಲ. ಸೊಕ್ಕು ಅನ್ರಿ ಬೇಕಾದ್ರ. ಬಳಿ ಇಟ್ಟು ದುಂಡಗ ಗೆರಿ ಎಳದೆ. ಹನ್ನೆರಡೂ ಅಂಕಿ ಚಂದಾಗಿ ಬರದೆ. ಸಣ್ಣ ಮುಳ್ಳು ಹನ್ನೊಂದಕ್ಕ ಇಟ್ಟೆ. ದೊಡ್ಡ ಮುಳ್ಳು ಹತ್ತಕ್ಕ ಇಟ್ಟೆ.

ನರ್ಸಿನ ನಗು ಹೋತು. ಹಾಳಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. "ಟೀಚರ್... ಇದನ್ನೂ ಬೇಕಂತನ ಬರದ್ರಿ?"

"ಇಲ್ಲವ್ವ. ಇದು ಖರೇ ಬರದೀನಿ."

ಅಕ್ಕ ಬಗ್ಗಿ ಹಾಳಿ ಎತ್ತಿಕೊಂಡು, "ಅಯ್ಯ, ಇದು ಹನ್ನೊಂದಕ್ಕ ಹತ್ತು ಕಮ್ಮಿ ಆತಲ್ಲಬೇ!" ಅಂದ್ಲು. "ದೊಡ್ಡ ಮುಳ್ಳು ಎರಡಕ್ಕ ಇರಬೇಕು. ನೀನೆಂಥಾ ಟೀಚರ್!"

ನಾನೂ ನಕ್ಕೆ. ನಕ್ಕೋಂತನ ಅಕ್ಕನ ಕೈಯಾಗಿನ ಹಾಳಿ ಇಸಗೊಂಡು ಮತ್ತೊಮ್ಮೆ ನೋಡಿದೆ. ನರ್ಸು ಮೆಲ್ಲಕ ಎದ್ದು ಬಂದು ನನ್ನ ಹೆಗಲ ಮ್ಯಾಲ ಕೈ ಇಟ್ಟು, ಒಂದು ಗಡಿಯಾರದಿಂದ ಏನೂ ಹೇಳಾಕ ಬರಲ್ಲ, ಜರೂರ ಡಾಕ್ಟರಿಗೆ ತೋರಸ್ರಿ ಅಂದ್ಲು. ಎರಡನೇ ಕಟ್ಟಡದಾಗ ಇಬ್ಬರು ಇರೋ ಖೋಲಿ ಒಂದು ಖಾಲಿ ಐತಿ, ಡಾಕ್ಟರ್ ಹೇಳೋತನಕ ಅದನ್ನ ಹಿಡದಿಟ್ಟಿರತೀನಿ ಅಂದ್ಲು. "ನೋಡಿದೇನು, ಇಬ್ಬರಿಗೂ ಒಂದ ಖೋಲಿ!" ಅಂತ ಅಕ್ಕ ಚಪ್ಪಾಳಿ ತಟ್ಟಿದ್ಲು.

ಬರುವಾಗ ಬಸ್ಸಿನ್ಯಾಗ ಆ ಹಾಳಿ ತೊಡಿ ಮ್ಯಾಲ ಹರವಿಕೊಂಡು ಕುಂತೆ. ಅಕ್ಕ ನನ್ನ ಹೆಗಲಿಗೆ ತಲಿ ಕೊಟ್ಟು ನಿದ್ದಿ ಹೋಗಿದ್ಲು. ಹನ್ನೊಂದು ಗಂಟಿ, ಹತ್ತು ನಿಮಿಷ. ಹನ್ನೊಂದರ ಮ್ಯಾಲ ಬೆರಳಿಟ್ಟೆ, ಹತ್ತರ ಮ್ಯಾಲ ಬೆರಳಿಟ್ಟೆ. ಮಸ್ಕಿ ಬಂತು, ಮಸ್ಕಿ ದಾಟ್ತು. ತಪ್ಪು ಎಲ್ಲೈತಿ ಅಂತ ನನಗ ಕಾಣಲೇ ಇಲ್ಲ.